ರೂಕಿ ಗಾರ್ಡ್‌ಗೆ ಎಷ್ಟು ನಿಮಿಷ ಸಿಗುತ್ತೆ? ನಾನು ಲೆಕ್ಕ ಹಾಕುವ ರೀತಿ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಮುಗಿದ ಕೂಡಲೇ ಎಲ್ಲರೂ ಹೊಸ ಹುಡುಗರ, ಅಂದರೆ ರೂಕಿಗಳ, ಹೈಲೈಟ್ಸ್ ನೋಡೋಕೆ ಕೂರುತ್ತಾರೆ. ನಾನು ಆ ಹುಡುಗ ಸೇರಿದ ತಂಡದಲ್ಲಿ ಈಗಾಗಲೇ ಯಾರ್‍ಯಾರಿದ್ದಾರೆ ಅಂತ ನೋಡುತ್ತೇನೆ. ಗೆಳೆಯರ ಜೊತೆ ಫ್ಯಾಂಟಸಿ ಲೀಗ್ (ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುವ ಆಟ) ಆಡುವವನು ನಾನು. ಅಲ್ಲಿ ಪ್ರತಿಭೆಗೆ ಅಂಕ ಸಿಗಲ್ಲ, ಅಂಗಳದಲ್ಲಿ ಆಡಿದ ನಿಮಿಷಗಳಲ್ಲಿ ಏನು ಮಾಡಿದ ಅನ್ನುವುದಕ್ಕೆ ಸಿಗುತ್ತದೆ. ಹಾಗಾಗಿ ಮೊದಲು ನಿಮಿಷ, ಆಮೇಲೆ ಉಳಿದದ್ದು.

ಪಂದ್ಯ 48 ನಿಮಿಷ, ಅಂಗಳದಲ್ಲಿರುವ ಐವರಲ್ಲಿ ಚೆಂಡು ನಡೆಸುವ ಗಾರ್ಡ್‌ಗಳ ಜಾಗ ಎರಡು. ಅಲ್ಲಿಗೆ 96 ನಿಮಿಷ. ಮೂವರು ಗಾರ್ಡ್‌ಗಳನ್ನು ಒಟ್ಟಿಗೆ ಆಡಿಸುವ ಕೋಚ್ ಆದರೆ ಸ್ವಲ್ಪ ಜಾಸ್ತಿ. ಪಂದ್ಯದ ಶುರುವಿನಲ್ಲೇ ಇಳಿಯುವ ಇಬ್ಬರು ಸ್ಟಾರ್ಟರ್‌ಗಳು ತಲಾ 34 ನಿಮಿಷ ಆಡಿದರೆ 68 ಹೋಯಿತು. ಉಳಿದ 28ರಲ್ಲಿ ಅನುಭವಿ ಬ್ಯಾಕಪ್ ಒಬ್ಬ 16 ನಿಮಿಷ ತಗೊಂಡರೆ, ರೂಕಿಗೆ ಉಳಿಯುವುದು 12. ಕೋಚ್‌ಗೆ ಅವನು ಇಷ್ಟವಾದರೆ ಮಾತ್ರ ಅದೂ.

2024ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡ ರೀಡ್ ಶೆಪರ್ಡ್‌ನನ್ನು 3ನೇ ಆಯ್ಕೆಯಾಗಿ ತಗೊಂಡಾಗ ನಮ್ಮ ಗುಂಪಿನಲ್ಲಿ ಅವನಿಗೆ ಭಾರಿ ಬೇಡಿಕೆ ಇತ್ತು. ಕಾಲೇಜಿನಲ್ಲಿ, ಕೆಂಟಕಿ ಪರವಾಗಿ, ದೂರದಿಂದ ಎಸೆಯುವ ಮೂರು ಅಂಕದ ಶಾಟ್‌ಗಳಲ್ಲಿ, ಅಂದರೆ ತ್ರೀ ಪಾಯಿಂಟರ್‌ಗಳಲ್ಲಿ, ಶೇ 52ರಷ್ಟನ್ನು ಹಾಕಿದವನು. ಆ ಸಂಖ್ಯೆ ನೋಡಿದರೆ ಯಾರಿಗಾದರೂ ಆಸೆ ಆಗುತ್ತೆ, ಅಲ್ವಾ? ಆದರೆ ತಂಡದಲ್ಲಿ ಫ್ರೆಡ್ ವ್ಯಾನ್‌ವ್ಲೀಟ್ ಇದ್ದ. ಪಂದ್ಯಕ್ಕೆ 35 ನಿಮಿಷದ ಆಸುಪಾಸು ಆಡುವವನು. ಪಕ್ಕದಲ್ಲಿ ಜೇಲನ್ ಗ್ರೀನ್, ಗಾರ್ಡ್ ಕೆಲಸವನ್ನೂ ಮಾಡಬಲ್ಲ ಆಮೆನ್ ಥಾಂಪ್ಸನ್, ಬೆಂಚಿನಲ್ಲಿ ಆರನ್ ಹಾಲಿಡೇ. ಕೋಚ್ ಇಮೆ ಉಡೋಕಾ ಡಿಫೆನ್ಸ್ ವಿಷಯದಲ್ಲಿ ಯಾರನ್ನೂ ಸುಮ್ನೆ ಬಿಡುವವರಲ್ಲ. ತಂಡಕ್ಕೆ ಆ ವರ್ಷವೇ ಗೆಲ್ಲಬೇಕಿತ್ತು, 52 ಪಂದ್ಯ ಗೆದ್ದೂ ಗೆದ್ದಿತು. 6 ಅಡಿ 2 ಇಂಚಿನ ಹುಡುಗ ಡಿಫೆನ್ಸ್ ಕಲಿಯಲಿ ಅಂತ ಅಂಥ ತಂಡ ಪಂದ್ಯ ಬಿಟ್ಟುಕೊಡುತ್ತದೆಯೇ? 15 ನಿಮಿಷ ದಾಟಲ್ಲ ಅಂತ ಬರೆದಿಟ್ಟೆ. ಅವನ ಸರಾಸರಿ 13ರ ಒಳಗೇ ಉಳಿಯಿತು. ನಡುವೆ ಎನ್‌ಬಿಎಯ ಕೆಳಹಂತದ ಜಿ ಲೀಗ್‌ಗೂ ಹೋಗಿ ಆಡಿ ಬಂದ. ಹುಡುಗ ಕೆಟ್ಟ ಆಟಗಾರ ಅಂತ ಇದರರ್ಥ ಅಲ್ಲ. ಜಾಗ ಇರಲಿಲ್ಲ, ಅಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ವ್ಯಾನ್‌ವ್ಲೀಟ್‌ನ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಾಗ ನಾನು ಮೊದಲು ಹುಡುಕಿದ್ದು ಶೆಪರ್ಡ್‌ನ ಹೆಸರನ್ನೇ.

ಆದರೆ ಬರೀ ಈ ಕಳೆಯುವ ಲೆಕ್ಕ ನಂಬಿದರೆ ಆಂಡ್ರೂ ನೆಂಬಾರ್ಡ್‌ನಂಥವರು ಕೈತಪ್ಪುತ್ತಾರೆ. 2022ರಲ್ಲಿ ಇಂಡಿಯಾನಾ ಪೇಸರ್ಸ್ ಅವನನ್ನು 31ನೇ ಆಯ್ಕೆಯಾಗಿ ತಗೊಂಡಿತು. ಕಾಗದದ ಮೇಲೆ ಅಲ್ಲಿ ಜಾಗವೇ ಇರಲಿಲ್ಲ. ಟೈರೀಸ್ ಹ್ಯಾಲಿಬರ್ಟನ್, ಬಡ್ಡಿ ಹೀಲ್ಡ್, ಟಿ.ಜೆ. ಮೆಕಾನೆಲ್, ಅದೇ ಡ್ರಾಫ್ಟ್‌ನಲ್ಲಿ 6ನೇ ಆಯ್ಕೆಯಾಗಿ ಬಂದ ಬೆನೆಡಿಕ್ಟ್ ಮ್ಯಾಥುರಿನ್, ಎಲ್ಲರೂ ಇದ್ದರು. ಆದರೂ ನೆಂಬಾರ್ಡ್ 60ಕ್ಕೂ ಜಾಸ್ತಿ ಪಂದ್ಯಗಳಲ್ಲಿ ಸ್ಟಾರ್ಟ್ ಆದ. ಎದುರಾಳಿಯ ಒಳ್ಳೆಯ ಗಾರ್ಡ್‌ನನ್ನು ಹಿಡಿದು ನಿಲ್ಲಿಸುವ ಕೆಲಸ ಅಲ್ಲಿ ಖಾಲಿ ಬಿದ್ದಿತ್ತು. ಹ್ಯಾಲಿಬರ್ಟನ್ ಮೇಲೆ ಆ ಹೊರೆ ಹಾಕೋಕೆ ತಂಡಕ್ಕೆ ಇಷ್ಟವಿರಲಿಲ್ಲ. ನಾಲ್ಕು ವರ್ಷ ಕಾಲೇಜಿನಲ್ಲಿ ಆಡಿ ಪಳಗಿದ್ದ ನೆಂಬಾರ್ಡ್‌ಗೆ ಅದು ಬರುತ್ತಿತ್ತು.

ಹಾಗಾಗಿ ನಿಮಿಷ ಕಳೆದ ಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ತಂಡದಲ್ಲಿ ಯಾರೂ ಮಾಡದೆ ಉಳಿದಿರುವ ಕೆಲಸ ಯಾವುದು, ಇವನು ಅದನ್ನು ಮಾಡುತ್ತಾನಾ? ಸ್ಕೋರ್ ಮಾಡುವ ಕೆಲಸ ಯಾವ ತಂಡದಲ್ಲೂ ಖಾಲಿ ಇರುವುದಿಲ್ಲ. ಕಾಲೇಜಿನಲ್ಲಿ ಚೆಂಡು ಸದಾ ತನ್ನ ಕೈಯಲ್ಲೇ ಇದ್ದ ಗಾರ್ಡ್‌ಗೆ ಇಲ್ಲಿ ಅದು ಸಿಗಲ್ಲ. ಮೂಲೆಯಲ್ಲಿ ನಿಂತು, ಪಾಸ್ ಬಂದಾಗ ತಡಮಾಡದೆ ತ್ರೀ ಎಸೆಯೋಕೆ ಬರಬೇಕು. ಅದೂ ಇಲ್ಲ, ಡಿಫೆನ್ಸೂ ಇಲ್ಲ ಅಂದರೆ ಡ್ರಾಫ್ಟ್ ಸಂಖ್ಯೆ ಎಷ್ಟೇ ಇರಲಿ, ನನ್ನ ಪಟ್ಟಿಯಲ್ಲಿ ಕೆಳಗೆ.

ಹೊಸಬರನ್ನು ಪರೀಕ್ಷಿಸುವ ಜುಲೈನ ಸಮರ್ ಲೀಗ್ ನೋಡುತ್ತೇನೆ, ಆದರೆ ಅಲ್ಲಿನ ಅಂಕಗಳನ್ನು ಬರೆದುಕೊಳ್ಳುವುದಿಲ್ಲ. ಅಲ್ಲಿ ಪಂದ್ಯ 40 ನಿಮಿಷದ್ದು, ಒಬ್ಬನಿಗೆ 10 ಫೌಲ್‌ವರೆಗೂ ಅವಕಾಶ. ಅರ್ಧಕ್ಕರ್ಧ ಜನ ಕೆಲಸ ಹುಡುಕಿಕೊಂಡು ಬಂದವರು, ಯಾರೂ ಪಾಸ್ ಮಾಡಲ್ಲ. ನಾನು ನೋಡುವುದು ಡಿಫೆನ್ಸ್‌ನಲ್ಲಿ ಅವನ ಕಾಲುಗಳನ್ನು. ಎದುರಿನ ದೊಡ್ಡ ಆಟಗಾರ ದಾರಿಗೆ ಅಡ್ಡ ನಿಂತು ಸ್ಕ್ರೀನ್ ಹಾಕಿದಾಗ ಇವನು ಅದರ ಮೇಲಿನಿಂದ ನುಸುಳಿ ಹೋಗುತ್ತಾನೋ, ಅಲ್ಲೇ ಸಿಕ್ಕಿಕೊಳ್ಳುತ್ತಾನೋ? ತನ್ನ ಶಾಟ್ ತಪ್ಪಿದ ಮೇಲೆ ತಲೆ ಅಲ್ಲಾಡಿಸುತ್ತಾ ನಿಲ್ಲುತ್ತಾನೋ, ಹಿಂದಕ್ಕೆ ಓಡುತ್ತಾನೋ? ಇದನ್ನು ನೋಡೋಕೆ ಒಂದೇ ಪಂದ್ಯವನ್ನು ಎರಡು ಸಲ ಹಾಕಬೇಕಾಗುತ್ತೆ. ಮೊದಲ ಸಲ ಕಣ್ಣು ಚೆಂಡಿನ ಹಿಂದೆಯೇ ಹೋಗಿಬಿಡುತ್ತದೆ.

ಒಪ್ಪಂದವನ್ನೂ ಒಮ್ಮೆ ನೋಡಿಬಿಡಿ. ಮೊದಲ ಸುತ್ತಿನ ಆಯ್ಕೆಗೆ ಎರಡು ವರ್ಷದ ಸಂಬಳ ಖಾತ್ರಿ, ಹಾಗಾಗಿ ತಂಡಕ್ಕೆ ತಾಳ್ಮೆ ಇರುತ್ತದೆ. ಎನ್‌ಬಿಎ ಮತ್ತು ಜಿ ಲೀಗ್ ಎರಡರ ನಡುವೆ ಓಡಾಡುವ ಟೂ ವೇ ಒಪ್ಪಂದದವನು ಸಾಮಾನ್ಯವಾಗಿ ಲೀಗ್ ಹಂತದ 82 ಪಂದ್ಯಗಳಲ್ಲಿ 50ರವರೆಗೆ ಮಾತ್ರ ತಂಡದಲ್ಲಿರಬಹುದು. ಆಸ್ಟಿನ್ ರೀವ್ಸ್‌ನನ್ನು 2021ರಲ್ಲಿ ಯಾರೂ ಡ್ರಾಫ್ಟ್ ಮಾಡಲಿಲ್ಲ. ಟೂ ವೇಯಲ್ಲಿ ಬಂದ ಅವನ ಒಪ್ಪಂದವನ್ನು ಲೇಕರ್ಸ್ ಸೀಸನ್ ಶುರುವಾಗುವ ಮೊದಲೇ ಪೂರ್ಣ ಒಪ್ಪಂದವಾಗಿ ಬದಲಿಸಿತು. ಅಂಥ ಸುದ್ದಿ ನನಗೆ ಸಮರ್ ಲೀಗ್‌ನ 30 ಅಂಕಗಳಿಗಿಂತ ದೊಡ್ಡದು.

ಸೀಸನ್ ಶುರುವಾದ ಮೇಲೆ ಎಷ್ಟು ನಿಮಿಷ ಅನ್ನುವುದಕ್ಕಿಂತ ಯಾವ ನಿಮಿಷ ಅನ್ನುವುದು ಮುಖ್ಯ. ಪಂದ್ಯ ಕೈಬಿಟ್ಟು ಹೋದ ಮೇಲೆ ಸಿಗುವ ಕೊನೆಯ ಆರು ನಿಮಿಷಕ್ಕೆ ಬೆಲೆ ಇಲ್ಲ. ಎರಡನೇ ಕ್ವಾರ್ಟರ್‌ನ ಆರಂಭದಲ್ಲಿ, ಅಂಕ ಹತ್ತಿರ ಇರುವಾಗ, ದಿನವೂ ಅದೇ ಹೊತ್ತಿಗೆ ಇಳಿಸುತ್ತಿದ್ದರೆ ಅವನು ಯೋಜನೆಯೊಳಗೆ ಬಂದಿದ್ದಾನೆ. ಅವನು ಚೆಂಡು ಕಳಕೊಂಡಾಗ ನಾನು ಕೋಚ್ ಕಡೆ ನೋಡುತ್ತೇನೆ. ತಕ್ಷಣ ಬದಲಿ ಆಟಗಾರ ಎದ್ದರೆ ನಂಬಿಕೆ ಇನ್ನೂ ಬಂದಿಲ್ಲ.

ಗಾಯಗಳನ್ನು ಬರೀ ಅದೃಷ್ಟ ಅಂತ ನಾನು ಬಿಡುವುದಿಲ್ಲ. 2022ರ ಜನವರಿಯಲ್ಲಿ ಲಾಂಜೋ ಬಾಲ್ ಗಾಯಗೊಂಡಾಗ ಶಿಕಾಗೊ ಬುಲ್ಸ್‌ನಲ್ಲಿ ಆ ಜಾಗಕ್ಕೆ ಬಂದವನು 38ನೇ ಆಯ್ಕೆಯ ರೂಕಿ ಅಯೋ ಡೊಸುನ್ಮು. ಅದಕ್ಕೂ ಮೊದಲೇ ಬೆಂಚಿನಿಂದ ಬಂದು ಡಿಫೆನ್ಸ್ ಮಾಡಿ ತೋರಿಸಿದ್ದ. ಹಾಗಾಗಿ ಪ್ರತಿ ತಂಡದಲ್ಲೂ ಸ್ಟಾರ್ಟರ್ ಬಿದ್ದರೆ ಮುಂದೆ ಯಾರು ಅಂತ ಒಂದು ಹೆಸರು ಬರೆದಿಟ್ಟುಕೊಳ್ಳುತ್ತೇನೆ. ಅದು ರೂಕಿಯ ಹೆಸರಾಗಿದ್ದರೆ ಈಗ 8 ನಿಮಿಷ ಆಡುತ್ತಿದ್ದರೂ ಅವನನ್ನು ಬಿಡುವುದಿಲ್ಲ.

ಕೊನೆಯ ತಿರುವು ಫೆಬ್ರವರಿಯ ಟ್ರೇಡ್ ಗಡುವು, ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಕೊನೆಯ ದಿನ. ಗೆಲ್ಲುವ ತಂಡ ಅನುಭವಿ ಗಾರ್ಡ್ ಒಬ್ಬನನ್ನು ತಂದರೆ ರೂಕಿಯ ನಿಮಿಷ ಅವತ್ತೇ ಹೋಯಿತು. ಸೋಲುವ ತಂಡ ತನ್ನ ಹಳಬನನ್ನು ಕಳಿಸಿದರೆ ಮಾರ್ಚ್‌ನಿಂದ ಹುಡುಗನಿಗೆ 30 ನಿಮಿಷವೂ ಸಿಗಬಹುದು. ಫ್ಯಾಂಟಸಿಗೆ ಅದು ಚೆನ್ನಾಗಿ ಉಪಯೋಗವಾಗುತ್ತೆ, ನಾನೂ ಬಿಡದೆ ಬಳಸುತ್ತೇನೆ. ಆದರೆ ಮುಂದಿನ ಅಕ್ಟೋಬರ್‌ನ ಲೆಕ್ಕಕ್ಕೆ ಆ 30 ನಿಮಿಷ ಸೇರಿಸುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಡ್ರಾಫ್ಟ್ ಆಗಿರುತ್ತದೆ, ಮತ್ತೆ 96ರಿಂದ ಕಳೆಯೋಕೆ ಶುರು ಮಾಡಬೇಕು.