ಹೆಸರು ಬಿಟ್ಟು ಚಕ್ಕುಬಂದಿ ಹಿಡಿದೆ

ಡೇವಿಡ್ ಡೇವಿಸ್, ಕಲ್ಲಿದ್ದಲು ಗಣಿ ಕಾರ್ಮಿಕ. 1881ರ ಜನಗಣತಿಯಲ್ಲಿ ನಾನು ಆರಿಸಿಕೊಂಡ ಒಂದೇ ಬೀದಿಯಲ್ಲಿ ಈ ಹೆಸರಿನವರು ಮೂವರು. ಊರಿನ ಜನ ಹಾಲಿನ ಡೇವಿಸ್, ರೊಟ್ಟಿಯ ಡೇವಿಸ್ ಎಂದು ಕರೆದು ಗುರುತಿಟ್ಟುಕೊಳ್ಳುತ್ತಿದ್ದರು. ಗಣತಿಯವನು ಅದನ್ನೆಲ್ಲ ಬರೆದುಕೊಳ್ಳಲಿಲ್ಲ.

ವೇಲ್ಸ್‌ನ ರೊಂದ ವಾಖ್ ಕಣಿವೆಯ ಫರ್ನ್‌ಡೇಲ್ ಸುತ್ತಮುತ್ತ ಇಪ್ಪತ್ತೈದು ವರ್ಷ ವೈದ್ಯನಾಗಿದ್ದವನು ನಾನು. ನಿವೃತ್ತನಾದ ಮೇಲೆ ಒಂದು ಬೀದಿಯ ಅರವತ್ತು ಚಿಲ್ಲರೆ ಮನೆಗಳ ಚರಿತ್ರೆ ಬರೆಯಲು ಕುಳಿತೆ. ಅಲ್ಲಿನ ಗಣಿಯಲ್ಲಿ 1867ರ ನವೆಂಬರ್ 8ರಂದು ಆದ ಸ್ಫೋಟದಲ್ಲಿ 178 ಮಂದಿ ಸತ್ತರು. ಸತ್ತವರಲ್ಲಿ ಕೆಲವರಿಗಾದರೂ ಅವರ ಮನೆಬಾಗಿಲು ಹುಡುಕಿಕೊಡಬೇಕೆಂಬುದು ನನ್ನ ಆಸೆ. ‘ಈ ಡೇವಿಸ್, ಜೋನ್ಸ್, ಇವಾನ್ಸ್‌ಗಳ ಸಿಕ್ಕು ಬಿಡಿಸಿದವರಿಲ್ಲ, ಡಾಕ್ಟರ್’ ಎಂದರು ಊರಿನ ಇತಿಹಾಸ ಬಲ್ಲ ಹಿರಿಯರು.

ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು. ತಲಾ ಹನ್ನೊಂದು ಪೌಂಡ್ ಕೊಟ್ಟು ಮೂವತ್ತರಷ್ಟು ಜನನ, ಮರಣ ಪ್ರಮಾಣಪತ್ರ ತರಿಸಿದೆ. ಅರ್ಧಕ್ಕಿಂತ ಹೆಚ್ಚು ಯಾರದೋ ಡೇವಿಸ್‌ಗಳದ್ದು. ಗಣತಿ ಹಾಳೆಯ ಮೊದಲ ಅಂಕಣದಲ್ಲಿರುವುದು ಮನೆಯ ಸಂಖ್ಯೆಯಲ್ಲ, ಗಣತಿಯವನು ಮನೆಮನೆಗೆ ಕೊಟ್ಟ ನಮೂನೆಯ ಕ್ರಮಸಂಖ್ಯೆ. ಇದು ನನಗೆ ಗೊತ್ತಿತ್ತು. ಆದರೂ ಅವಸರದಲ್ಲಿ ಅದನ್ನೇ ನಂಬಿ ಒಂದು ಇಡೀ ಚಳಿಗಾಲ ಕಳೆದುಕೊಂಡೆ.

ದಾರಿ ತೋರಿಸಿದ್ದು ನಮ್ಮ ತಂದೆಯವರ ಕಸುಬು. ಅವರು ಶಾನುಭೋಗರು. ಜಮೀನಿನ ಪತ್ರ ಕೈಗೆ ಬಂದರೆ ಯಜಮಾನನ ಹೆಸರು ಬಿಟ್ಟು ಮೊದಲು ಚಕ್ಕುಬಂದಿ ಓದುತ್ತಿದ್ದರು: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಗದ್ದೆ. ನಾನೂ ಹೆಸರುಗಳನ್ನು ಬದಿಗಿಟ್ಟೆ. ಕದಲದ ಗುರುತುಗಳನ್ನು ಹಿಡಿದೆ: ಚಾಪೆಲ್ ಎಂಬ ಪ್ರಾರ್ಥನಾ ಮಂದಿರ, ಮೂಲೆಯ ಪಬ್, ದಿನಸಿ ಅಂಗಡಿ. ಪಬ್ ನಡೆಸುವವನ ಮನೆ ಗಣತಿಯಲ್ಲಿ ಬಂದ ಕೂಡಲೇ ದೊಡ್ಡ ಪ್ರಮಾಣದ ಹಳೆಯ ಭೂಪಟದಲ್ಲಿ ಒಂದು ಗೂಟ ನೆಟ್ಟಂತೆ. ಅಲ್ಲಿಂದ ಎಡಕ್ಕೆ, ಬಲಕ್ಕೆ ಒಂದೊಂದೇ ಮನೆ ಎಣಿಸುವುದು. 1871, 1881, 1891ರ ಪಟ್ಟಿಗಳಲ್ಲಿ ನೆರೆಹೊರೆಯವರು ಹೊಂದಿದರೆ ಮಾತ್ರ ಮುಂದಕ್ಕೆ ಹೋಗುವುದು. ಗಣತಿಯವನು ಬೀದಿಯ ಒಂದು ಬದಿ ಮುಗಿಸಿ ಎದುರು ಬದಿಗೆ ದಾಟಿದ್ದು ಎಲ್ಲಿ ಎಂಬುದೇ ದೊಡ್ಡ ತೊಡಕು. ಅದನ್ನು ಪತ್ತೆಹಚ್ಚಲು ಹಾಳೆಯಲ್ಲೇ ಒಂದು ಸುಳಿವಿದೆ. ನನ್ನ ಕಿರುಪುಸ್ತಕ ಅಚ್ಚಾಗುವ ತನಕ ಅದು ನನ್ನಲ್ಲೇ ಇರಲಿ.

ನಡುವೆ ಸಮಾಧಿಕಲ್ಲುಗಳ ಹುಚ್ಚೂ ಹಿಡಿಯಿತು. ಕನ್ನಡಿಯಿಂದ ಬಿಸಿಲು ಹಾಯಿಸಿ ಸವೆದ ಅಕ್ಷರ ಓದಲು ಹೋದೆ. ಆ ಕಣಿವೆಯಲ್ಲಿ ಬಿಸಿಲೆಲ್ಲಿದೆ! ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒತ್ತಿ ಓರೆಯಾಗಿ ಹಿಡಿದಾಗ ಅಕ್ಷರಗಳು ಎದ್ದು ನಿಂತವು. ಚಾಪೆಲ್ ಗೋಡೆಯ ಕಲ್ಲುಗಳಿಗೂ ಇದೇ ಉಪಾಯ. ಅಲ್ಲಿನ ವೆಲ್ಷ್ ಭಾಷೆಯ ಬರಹದಲ್ಲಿ ‘ಅಡೈಲಾದ್ವಿಡ್’ ಎಂದರೆ ಕಟ್ಟಿದ್ದು, ‘ಹೆಲೈಥ್ವಿಡ್’ ಎಂದರೆ ಹಿಗ್ಗಿಸಿದ್ದು. ಹಿಗ್ಗಿಸಿದ ವರ್ಷ ಸಿಕ್ಕಿದರೆ ಊರಿಗೆ ಜನ ನುಗ್ಗಿದ ಕಾಲ ಸಿಕ್ಕಿತೆಂದೇ ಲೆಕ್ಕ. 1851ರಲ್ಲಿ ರೊಂದದ ಮೇಲ್ಭಾಗದ ಇಡೀ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆಯಲ್ಲಿ, ಸಾವಿರ ಜನರಿರಲಿಲ್ಲ. 1911ರ ಹೊತ್ತಿಗೆ ರೊಂದದಲ್ಲಿ ಒಂದೂವರೆ ಲಕ್ಷ ದಾಟಿತ್ತು.

ಒಟ್ಟು ಐದು ವರ್ಷ, ಹೆಚ್ಚುಕಡಿಮೆ ಒಂಬೈನೂರು ಪೌಂಡ್ ಹಿಡಿಯಿತು. ಐವತ್ತಕ್ಕೂ ಹೆಚ್ಚು ಮನೆಗಳು ಹೊಂದಿಕೊಂಡವು. ಮೂವರು ಡೇವಿಸ್‌ಗಳೂ ಮೂರು ಬಾಗಿಲಿಗೆ ಸೇರಿದರು. ಸ್ಫೋಟವಾಗಿ ನಾಲ್ಕು ವರ್ಷದ ನಂತರದ ಗಣತಿಯಲ್ಲಿ ಪಬ್ಬಿನಿಂದ ಆರನೆಯ ಮನೆಗೆ ವಿಧವೆಯೊಬ್ಬಳು ಯಜಮಾನಿ: ಇಬ್ಬರು ಚಿಕ್ಕ ಮಕ್ಕಳು, ಬಾಡಿಗೆಗೆ ಇರಿಸಿಕೊಂಡ ಮೂವರು ಗಣಿ ಕಾರ್ಮಿಕರು. ಅವಳ ಗಂಡನ ಹೆಸರನ್ನು ಸತ್ತವರ ಪಟ್ಟಿಯಲ್ಲಿ ನಾನು ಎಷ್ಟೋ ಸಲ ಓದಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಗುವುದಿಲ್ಲ ಎಂದಿದ್ದ ಹಿರಿಯರಲ್ಲೊಬ್ಬರು ಕಳೆದ ತಿಂಗಳು ಮನೆಗೆ ಬಂದರು. ಅವರ ಕೈಯಲ್ಲಿ ಮುತ್ತಜ್ಜಿಯ ಬಾಡಿಗೆ ಪುಸ್ತಕವಿತ್ತು, ಅಂಚು ಸುಟ್ಟದ್ದು. ನನ್ನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಬೆರಳಿನಿಂದ ಮನೆಗಳನ್ನು ಎಣಿಸುತ್ತ ಹೋಗಿ ಮೂವತ್ತೊಂದರಲ್ಲಿ ನಿಲ್ಲಿಸಿದರು. ಪುಸ್ತಕದ ಮೊದಲ ಪುಟದಲ್ಲಿಯೂ ಅದೇ ಸಂಖ್ಯೆ ಇತ್ತು.