ಬಾಹ್ಯಾಕಾಶಕ್ಕೆ ಹೋಗುವ ಅತಿಗೆಂಪು ಉಪಕರಣವನ್ನು ನೆಲದ ಮೇಲೆ ಪರೀಕ್ಷಿಸುವ ಕ್ರಮ

300 ಕೆಲ್ವಿನ್‌ನಲ್ಲಿರುವ, ಅಂದರೆ ಕೊಠಡಿಯಷ್ಟು ಬೆಚ್ಚಗಿರುವ ಯಾವುದೇ ಗೋಡೆ 10 ಮೈಕ್ರಾನ್ ತರಂಗಾಂತರದ ಆಸುಪಾಸಿನಲ್ಲಿ ಪ್ರಖರವಾಗಿ ಹೊಳೆಯುತ್ತದೆ. ಅತಿಗೆಂಪು ಬೆಳಕನ್ನು ಗ್ರಹಿಸುವ ಡಿಟೆಕ್ಟರ್‌ಗೆ ಅದು ಹಾಡಹಗಲು. ಹಾಗಾಗಿ ನಿರ್ವಾತ ಕೋಣೆಯಲ್ಲಿ ಉಪಕರಣದ ಸುತ್ತ ಎರಡು ತಣ್ಣನೆಯ ಆವರಣಗಳು ಬೇಕು: ಹೊರಗಿನದಕ್ಕೆ ದ್ರವ ನೈಟ್ರೋಜನ್ (77 ಕೆಲ್ವಿನ್), ಒಳಗಿನದಕ್ಕೆ ತಣ್ಣನೆಯ ಹೀಲಿಯಂ ಅನಿಲ.

ಒತ್ತಡ 10⁻⁵ ಮಿಲಿಬಾರ್‌ಗಿಂತ ಕೆಳಗಿಳಿದ ಮೇಲೆ ಮೊದಲು ಆವರಣಗಳನ್ನು ತಣಿಸಿ. ಆ ಹೊತ್ತಿಗೆ ಮಸೂರ, ಕನ್ನಡಿ, ಡಿಟೆಕ್ಟರ್‌ಗಳನ್ನು ಹೀಟರ್‌ನಿಂದ ಬೆಚ್ಚಗಿಡಿ. ಶಾಖನಿರೋಧಕ ಪದರಗಳಿಂದ ಹೊರಬರುವ ನೀರಾವಿ ಅತಿ ತಣ್ಣನೆಯ ಮೇಲ್ಮೈಯನ್ನೇ ಹುಡುಕಿ ಕೂರುತ್ತದೆ. ಅದು ಮಸೂರದ ಮೇಲೆ ಮಂಜಾದರೆ 3 ಮೈಕ್ರಾನ್ ಬಳಿಯ ಬೆಳಕನ್ನು ನುಂಗುತ್ತದೆ. ಈ ಹಂತದಲ್ಲಿ ಅವಸರ ಸಲ್ಲದು. ಆಮೇಲೆ ಉಪಕರಣವನ್ನು ತಣಿಸುವಾಗ ವಿನ್ಯಾಸ ದಾಖಲೆಯಲ್ಲಿರುವ ವೇಗವನ್ನೂ ಮೀರಬೇಡಿ. ಲೋಹ, ಗಾಜು, ಅಂಟು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಅಂಟಿನ ಕೀಲು ಬಿರಿಯುತ್ತದೆ.

ತಾಪಮಾನ ಸ್ಥಿರವಾದ ಬಳಿಕ ಶಟರ್ ಮುಚ್ಚಿ ದೀರ್ಘ ಕತ್ತಲೆ ಚಿತ್ರಗಳನ್ನು ತೆಗೆಯಿರಿ. ಅಯಾನು ಒತ್ತಡಮಾಪಕವನ್ನು ಆಗ ಆರಿಸಲೇಬೇಕು, ಅದರ ಕಾದ ತಂತಿಯೂ ಒಂದು ದೀಪವೇ. ಸಂಕೇತ ಹೆಚ್ಚಾಗಿ ಕಂಡರೆ ಡಿಟೆಕ್ಟರ್ ತಾಪಮಾನವನ್ನು ಹಾಗೇ ಹಿಡಿದು ಆವರಣವನ್ನು ಕೆಲವು ಕೆಲ್ವಿನ್ ಏರಿಸಿ. ಸಂಕೇತವೂ ಏರಿದರೆ ಎಲ್ಲೋ ಬೆಳಕು ಸೋರುತ್ತಿದೆ. ಕೇಬಲ್ ಒಳಹೋಗುವ ರಂಧ್ರಗಳನ್ನೇ ಮೊದಲು ಶಂಕಿಸಿ. ಡಿಟೆಕ್ಟರ್ ಬಿಸಿಯಾದಾಗ ಮಾತ್ರ ಏರಿದರೆ ಅದು ಡಿಟೆಕ್ಟರ್‌ನದೇ ಕತ್ತಲೆ ವಿದ್ಯುತ್, ಅಂದರೆ ಬೆಳಕಿಲ್ಲದಿದ್ದರೂ ಹರಿಯುವ ವಿದ್ಯುತ್.

ನಂತರ ತಾಪಮಾನ ಗೊತ್ತಿರುವ ಕಪ್ಪುಕಾಯದಿಂದ (ತನ್ನ ತಾಪಮಾನಕ್ಕೆ ತಕ್ಕ ವಿಕಿರಣವನ್ನಷ್ಟೇ ಸೂಸುವ ಆಕರ) ಸಂವೇದನೆಯನ್ನು ಅಳೆಯಿರಿ.

ಮರಳಿ ಬೆಚ್ಚಗಾಗಿಸುವಾಗ ಉಪಕರಣ ಮೊದಲು, ಆವರಣ ಆಮೇಲೆ. ಎಲ್ಲ ಭಾಗಗಳೂ ಕೊಠಡಿಯ ಇಬ್ಬನಿ ಬಿಂದುವನ್ನು (ಗಾಳಿಯ ತೇವ ನೀರಾಗಿ ಕೂರುವ ತಾಪಮಾನ) ದಾಟಿದ ಮೇಲಷ್ಟೇ ಒಣ ನೈಟ್ರೋಜನ್ ತುಂಬಿ ಬಾಗಿಲು ತೆರೆಯಿರಿ.