ಕೊಲೆಸ್ಟ್ರಾಲ್ ಇಳಿಸ್ಬೇಕಾ? ಮೊದಲು ಏರಿರೋದು ಯಾವುದು ಅಂತ ನೋಡಿ

ಲಿಪಿಡ್ ಪ್ರೊಫೈಲ್, ಅಂದ್ರೆ ರಕ್ತದಲ್ಲಿರೋ ಕೊಬ್ಬಿನ ಟೆಸ್ಟ್, ಅದರ ರಿಪೋರ್ಟ್ ಕೈಗೆ ಬಂತು ಅಂದ್ರೆ ನಮ್ಮ ಹಾಸನದ ಕಡೆ ಮನೆಗಳಲ್ಲಿ ಮೊದಲು ಮೊಟ್ಟೆ ನಿಲ್ಲುತ್ತೆ, ಆಮೇಲೆ ತುಪ್ಪ. ನಮ್ಮ ಭಾವನೂ ಹಂಗೇ ಮಾಡಿದ್ರು. ಮೂರು ತಿಂಗಳು ಮೊಟ್ಟೆ ಮುಟ್ಟಲಿಲ್ಲ, ಮತ್ತೆ ರಕ್ತ ಕೊಟ್ಟು ನೋಡಿದ್ರೆ 280 ಇದ್ದ ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡೋ ಇನ್ನೊಂದು ಬಗೆ ಕೊಬ್ಬು) 310 ಆಗಿತ್ತು. ಅವ್ರದ್ದೇನೂ ತಪ್ಪಿಲ್ಲ, ಯಾವುದು ಏರಿದೆ, ಯಾತಕ್ಕೆ ಏರುತ್ತೆ ಅಂತ ಯಾರೂ ಕೂತು ಹೇಳಿರ್ಲಿಲ್ಲ ಅಷ್ಟೇ.

ಮೊದಲನೇ ಕೆಲಸ, ರಿಪೋರ್ಟ್ ಓದೋದು. ಟೋಟಲ್ ಕೊಲೆಸ್ಟ್ರಾಲ್ ಅನ್ನೋ ಸಾಲು ಒಂದನ್ನೇ ನೋಡಿ ಹೆದರ್ಕೊಬೇಡಿ, ಸಮಾಧಾನನೂ ಪಟ್ಕೊಬೇಡಿ. ಎಲ್‌ಡಿಎಲ್ (ರಕ್ತನಾಳದಲ್ಲಿ ಕಟ್ಕೊಳ್ಳೋ ಕೆಟ್ಟ ಕೊಲೆಸ್ಟ್ರಾಲ್) ಎಷ್ಟು, ಟ್ರೈಗ್ಲಿಸರೈಡ್ ಎಷ್ಟು ಅಂತ ಬೇರೆಬೇರೆ ನೋಡಿ. ಎಲ್‌ಡಿಎಲ್ 100ರೊಳಗೆ ಇದ್ರೆ ಒಳ್ಳೇದು, ಹಾರ್ಟ್ ಅಟ್ಯಾಕ್ ಆದವ್ರಿಗೆ ಇನ್ನೂ ಕಮ್ಮಿ ಇರ್ಬೇಕು, 190 ದಾಟಿದ್ರೆ ಊಟದಲ್ಲೇ ಇಳಿಸ್ತೀನಿ ಅಂತ ಹಠ ಮಾಡ್ಬೇಡಿ, ಮಾತ್ರೆ ಬೇಕಾಗುತ್ತೆ. ಟ್ರೈಗ್ಲಿಸರೈಡ್ 150ರೊಳಗೆ ಇರ್ಬೇಕು. 500 ದಾಟಿದ್ರೆ ಮೇದೋಜೀರಕ ಗ್ರಂಥಿ ಊದ್ಕೊಳ್ಳೋ ಅಪಾಯ ಇದೆ, ತಡ ಮಾಡದೆ ಡಾಕ್ಟ್ರ ಹತ್ರ ಹೋಗಿ. ಶುಗರ್ರು, ಥೈರಾಯ್ಡೂ ಒಂದ್ಸಲ ನೋಡಿಸ್ಕೊಳ್ಳಿ, ಅವು ಕೆಟ್ಟಿದ್ರೂ ಇವೆಲ್ಲ ಏರುತ್ತೆ.

ಎಲ್‌ಡಿಎಲ್ ಏರಿದ್ರೆ ಕಮ್ಮಿ ಮಾಡ್ಬೇಕಾಗಿರೋದು ಸ್ಯಾಚುರೇಟೆಡ್ ಅನ್ನೋ ಬಗೆ ಕೊಬ್ಬನ್ನ. ತುಪ್ಪ, ಬೆಣ್ಣೆ, ಹಂದಿ ಕೊಬ್ಬು, ಪಾಮ್ ಎಣ್ಣೇಲಿ ಮಾಡಿದ ಬೇಕರಿ ತಿಂಡಿ, ಜೊತೆಗೆ ನಮ್ಮ ತೆಂಗಿನಕಾಯಿ. ಕಾಯೀಲಿ ಕೊಲೆಸ್ಟ್ರಾಲ್ ಇಲ್ಲ ಅನ್ನೋದು ನಿಜ, ಆದ್ರೆ ಅದರ ಕೊಬ್ಬು ಹೆಚ್ಚಾದ್ರೆ ಲಿವರ್ರು ರಕ್ತದಲ್ಲಿರೋ ಎಲ್‌ಡಿಎಲ್‌ನ ಸರಿಯಾಗಿ ಎಳ್ಕೊಳ್ಳಲ್ಲ. ಸಾರಿಗೆ ಅರ್ಧ ಕಾಯಿ ರುಬ್ಬೋ ಜಾಗದಲ್ಲಿ ಒಂದು ಹಿಡಿ ಬೆಂದ ಕಾಳನ್ನೇ ರುಬ್ಬಿ ಹಾಕಿ, ಸಾರು ಗಟ್ಟಿಯಾಗೇ ಬರುತ್ತೆ. ಹುರುಳಿ, ಅವರೆ, ಅಲಸಂದೆ ವಾರದಲ್ಲಿ ನಾಲ್ಕೈದು ದಿನ ಇರ್ಲಿ, ಕಾಳಿನ ನಾರು ಪಿತ್ತರಸನ ಹಿಡ್ಕೊಂಡು ಆಚೆ ಹಾಕುತ್ತೆ, ಹೊಸ ಪಿತ್ತ ಮಾಡೋಕೆ ಲಿವರ್ರು ರಕ್ತದಿಂದ ಕೊಲೆಸ್ಟ್ರಾಲ್ ತಗೊಳ್ಳುತ್ತೆ. ಅಂಗಡೀಲಿ ಎಣ್ಣೆ ಪ್ಯಾಕೆಟ್ ಮೇಲೆ 'ಕೊಲೆಸ್ಟ್ರಾಲ್ ಫ್ರೀ' ಅಂತ ದೊಡ್ಡದಾಗಿ ಬರೆದಿರೋದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ, ಗಿಡದಿಂದ ತೆಗೆದ ಯಾವ ಎಣ್ಣೇಲೂ ಹೇಳ್ಕೊಳ್ಳೋ ಅಷ್ಟು ಕೊಲೆಸ್ಟ್ರಾಲ್ ಇರಲ್ಲ. ಇನ್ನೊಂದು, ಕಾಫಿಪುಡೀನ ನೀರಲ್ಲಿ ಹಾಕಿ ಕುದಿಸಿ ಕುಡಿಯೋ ಅಭ್ಯಾಸ ಇದ್ರೆ ಅದ್ರಿಂದನೂ ಎಲ್‌ಡಿಎಲ್ ಏರುತ್ತೆ, ಪೇಪರ್ ಫಿಲ್ಟರಲ್ಲಿ ಸೋಸಿದ್ರೆ ಆ ಅಂಶ ಅಲ್ಲೇ ಉಳಿಯುತ್ತೆ.

ಈಗ ಎಲ್ಲರೂ ಎಡವೋ ಜಾಗಕ್ಕೆ ಬರೋಣ. ಟ್ರೈಗ್ಲಿಸರೈಡ್ ಏರೋದು ಎಣ್ಣೆಗಿಂತ ಹೆಚ್ಚಾಗಿ ಅನ್ನ, ಸಕ್ಕರೆ, ಮದ್ಯದಿಂದ. ಮೈಗೆ ಬೇಕಾಗಿದ್ದಕ್ಕಿಂತ ಜಾಸ್ತಿ ಹೋದ ಪಿಷ್ಟ, ಸಕ್ಕರೇನ ಲಿವರ್ರು ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತೆ. ನಮ್ಮ ಭಾವನ ಮಧ್ಯಾಹ್ನದ ತಟ್ಟೆ ಹೆಂಗಿತ್ತು ಅಂದ್ರೆ, ಒಂದು ದೊಡ್ಡ ಮುದ್ದೆ, ಅದಾದ್ಮೇಲೆ ಅನ್ನ ಸಾರು, ಅದಾದ್ಮೇಲೆ ಅನ್ನ ಮಜ್ಜಿಗೆ, ಪಲ್ಯ ಅನ್ನೋದು ತಟ್ಟೆ ಅಂಚಲ್ಲಿ ಒಂದು ಚಮಚ. ರಾಗಿ ಒಳ್ಳೇದು ಅಂತ ಮುದ್ದೆ ಸೇರಿಸ್ಕೊಂಡಿದ್ರು, ಅನ್ನ ಮಾತ್ರ ಒಂದಗುಳೂ ಕಮ್ಮಿ ಆಗಿರ್ಲಿಲ್ಲ. ಬಡಿಸೋ ಕ್ರಮಾನೇ ಬದಲಾಯಿಸಿದ್ವಿ. ಮೊದಲು ಸೊಪ್ಪಿನ ಪಲ್ಯ, ತಟ್ಟೆಯ ಅರ್ಧ ಭಾಗ ತುಂಬೋ ಹಂಗೆ. ಸಾರು ಬಡಿಸೋವಾಗ ಸೌಟನ್ನ ಪಾತ್ರೆ ತಳಕ್ಕೆ ಬಿಟ್ಟು ಕಾಳು ಎತ್ತಿ ಹಾಕೋದು, ಬರೀ ತಿಳಿ ಅಲ್ಲ. ಮುದ್ದೆ ತಿಂದ ದಿನ ಅನ್ನ ಇಲ್ಲ, ಅನ್ನ ತಿಂದ ದಿನ ಮುದ್ದೆ ಇಲ್ಲ, ಅನ್ನನೂ ಒಂದು ಸಣ್ಣ ಬಟ್ಟಲಲ್ಲಿ ಅಳೆದು ಒಂದೇ ಸಲ. ಮಜ್ಜಿಗೇನ ಲೋಟದಲ್ಲಿ ಕುಡಿಯೋದು. ಮೊದಲ ವಾರ ಊಟ ಮುಗಿದ ಹಾಗೇ ಅನ್ನಿಸಲ್ಲ ಅಂತಿದ್ರು, ಹತ್ತು ದಿನ ಕಳೆದ್ಮೇಲೆ ಆ ಮಾತು ನಿಂತೋಯ್ತು.

ಕಾಫಿ ಲೆಕ್ಕನೂ ಹಾಕಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಅಂದ್ರೆ ಹತ್ತು ಚಮಚ, ಹತ್ರಹತ್ರ 40 ಗ್ರಾಂ ಸಕ್ಕರೆ. ಬೆಲ್ಲ ಹಾಕ್ಕೊಂಡ್ರೂ ಇದೇ ಕಥೆ, ಬೆಲ್ಲಕ್ಕೆ ರಿಯಾಯಿತಿ ಇಲ್ಲ. ಅದ್ರ ಜೊತೆ ಡೈಜೆಸ್ಟಿವ್ ಬಿಸ್ಕೆಟ್ ಬೇಡವೇ ಬೇಡ, ಪ್ಯಾಕೆಟ್ ಹಿಂದೆ ತಿರುಗಿಸಿ ನೋಡಿ, ಮೈದಾ, ಸಕ್ಕರೆ, ಪಾಮ್ ಎಣ್ಣೆ ಎಲ್ಲಾ ಸಾಮಾನ್ಯವಾಗಿ ಸಿಗುತ್ತೆ. ಎಣ್ಣೆ ಹೊಡೆಯೋವ್ರು ಟ್ರೈಗ್ಲಿಸರೈಡ್ ಇಳಿಯೋ ತನಕ ಪೂರ್ತಿ ಬಿಡಿ, ಭಾನುವಾರ ಮಾತ್ರ ಅನ್ನೋದೂ ಬೇಡ. ಮೀನು ತಿನ್ನೋವ್ರಿಗೆ ಮಂಗಳೂರಿಂದ ಘಾಟಿ ಹತ್ತಿ ಬರೋ ಬೂತಾಯಿ, ಬಂಗುಡೆ ಬಹಳ ಒಳ್ಳೇದು, ಸಾರು ಮಾಡಿ ತಿನ್ನಿ, ಫ್ರೈ ಬೇಡ.

ವಾಕಿಂಗ್ ವಾರಕ್ಕೆ 150 ನಿಮಿಷ. ಮಾತಾಡೋಕಾಗ್ಬೇಕು, ಹಾಡು ಹೇಳೋಕಾಗ್ಬಾರ್ದು, ಅಷ್ಟು ಬಿರುಸು. ಮಹಾರಾಜ ಪಾರ್ಕಲ್ಲಿ ಎರಡು ಸುತ್ತು ಹಾಕಿ ಬೆಂಚ್ ಮೇಲೆ ಕೂತು ಹರಟೋದು ಲೆಕ್ಕಕ್ಕಿಲ್ಲ. ನನ್ನ ಕೇಳಿದ್ರೆ ರಾತ್ರಿ ಊಟ ಆದ್ಮೇಲೂ ಹದಿನೈದು ನಿಮಿಷ ನಡೀರಿ.

ಮೂರು ತಿಂಗಳಾದ್ಮೇಲೆ ಅದೇ ಲ್ಯಾಬಲ್ಲಿ ಮತ್ತೆ ರಕ್ತ ಕೊಡಿ. 10ರಿಂದ 12 ಗಂಟೆ ಖಾಲಿ ಹೊಟ್ಟೆ, ನೀರು ಬಿಟ್ಟು ಏನೂ ಇಲ್ಲ, ಒಂದು ಗುಟುಕು ಕಾಫಿನೂ ಇಲ್ಲ, ಹಿಂದಿನ ದಿನ ಬೀಗರೂಟಕ್ಕೆ ಹೋಗಿದ್ರೆ ಟೆಸ್ಟನ್ನ ಮುಂದಕ್ಕೆ ಹಾಕಿ. ನಂಬರ್ ಇಳಿದಿದ್ರೂ ಮಾತ್ರೆ ತಗೊಳ್ತಿರೋವ್ರು ನೀವೇ ನಿಲ್ಲಿಸ್ಬೇಡಿ, ಎರಡೂ ರಿಪೋರ್ಟ್ ಜೊತೇಲಿ ಹಿಡ್ಕೊಂಡು ಡಾಕ್ಟ್ರಿಗೆ ತೋರಿಸಿ.